ಸ್ಪೇನಿನಿಂದ ಒಬ್ಬರನ್ನೇ ಆರಿಸಬೇಕು, ನಲವತ್ತು ನಿಮಿಷ ಇದೆ. ಯಾರನ್ನು?

ಮೂಲೆಕಪಾಟು (ಎಳೆ ಶುರು ಮಾಡಿದವರು)

ನಮ್ಮೂರಲ್ಲಿ ಒಂದು ಓದುಗರ ಕೂಟ ಇದೆ. ತಿಂಗಳಿಗೊಂದು ದೇಶ. ಚೀಟಿ ಎತ್ತಿದಾಗ ಯಾರ ಹೆಸರು ಬರುತ್ತೋ ಅವರು ಮಾತಾಡಬೇಕು. ಈ ಸಲ ಸ್ಪೇನ್, ಚೀಟಿ ನನ್ನದು. ಕೇಳೋಕೆ ಬರುವವರು ಇಪ್ಪತ್ತೈದು ಮೂವತ್ತು ಜನ: ಅರ್ಧ ನಿವೃತ್ತ ಮೇಷ್ಟ್ರುಗಳು, ಒಂದಿಷ್ಟು ಪಿಯುಸಿ ಮಕ್ಕಳು, ಜೊತೆಗೆ ಮಳೆ ಬಂತೆಂದು ಒಳಗೆ ನುಗ್ಗಿದವರು ಇಬ್ಬರು ಮೂವರು.

ಹೋದ ಸಲ ಒಬ್ಬರು ಇಟಲಿಯ ಹದಿನಾಲ್ಕು ಮಹನೀಯರ ಪಟ್ಟಿ ಓದಿದರು. ಏಳನೆಯವರು ಬರುವ ಹೊತ್ತಿಗೆ ಎಲ್ಲರ ಕಣ್ಣೂ ಚಹಾ ಬರುವ ಬಾಗಿಲ ಕಡೆ. ಹಾಗಾಗಿ ನಾನು ಹಾಕಿಕೊಂಡ ನಿಯಮ ಒಂದೇ: ಒಬ್ಬರೇ ವ್ಯಕ್ತಿ. ಪಿಕಾಸೊ, ಡಾಲಿ ಬೇಡ, ಅವರು ಟೀ ಶರ್ಟಿನ ಮೇಲೂ ಇದ್ದಾರೆ. ಕೊಲಂಬಸ್ ಬೇಡವೇ ಬೇಡ, ಆತ ಜಿನೋವಾದವನು, ಹಡಗು ಮಾತ್ರ ಸ್ಪೇನಿನದು. ಫುಟ್‌ಬಾಲ್ ಆಟಗಾರರ ವಿಷಯದಲ್ಲಿ ಹುಡುಗರು ನನಗೇ ಪಾಠ ಹೇಳುತ್ತಾರೆ.

ನೀವಾಗಿದ್ದರೆ ಯಾರನ್ನು ಆರಿಸ್ತಿದ್ರಿ? ಬರೀ ಹೆಸರು ಸಾಲದು. ಎದುರಿಗೆ ಕೂತವರಿಗೆ ಹತ್ತಿರದಿಂದ ತೋರಿಸುವಂಥದ್ದು ಏನಾದರೂ ಕೊಡಿ.

ಸೂಜಿಗಲ್ಲು

ಇದರಲ್ಲಿ ತಲೆ ಕೆಡಿಸಿಕೊಳ್ಳೋದು ಏನಿದೆ? ಸೆರ್ವಾಂಟಿಸ್, 'ಡಾನ್ ಕಿಹೋತೆ' ಬರೆದವನು. ಕಾದಂಬರಿ ಬಿಡಿ, ಆ ಮನುಷ್ಯನ ಬದುಕೇ ನಲವತ್ತು ನಿಮಿಷಕ್ಕೆ ಹೆಚ್ಚು. 1571ರ ಲೆಪಾಂಟೊ ಕಡಲಯುದ್ಧದಲ್ಲಿ ಎಡಗೈ ಸ್ವಾಧೀನ ತಪ್ಪಿತು. ಊರಿಗೆ ಮರಳುವಾಗ 1575ರಲ್ಲಿ ಕಡಲ್ಗಳ್ಳರು ಹಿಡಿದು ಅಲ್ಜಿಯರ್ಸಿಗೆ ಒಯ್ದರು. ಜೇಬಿನಲ್ಲಿ ದೊಡ್ಡವರ ಶಿಫಾರಸು ಪತ್ರಗಳಿದ್ದವು. ಅದನ್ನು ನೋಡಿ ಇವನು ಭಾರೀ ಕುಳ ಅಂದುಕೊಂಡು ಬಿಡುಗಡೆಯ ಹಣ ಏರಿಸಿಬಿಟ್ಟರು. ಶಿಫಾರಸು ತಂದ ಪಾಡು! ಐದು ವರ್ಷ ಸೆರೆ. ನಾಲ್ಕು ಸಲ ತಪ್ಪಿಸಿಕೊಳ್ಳಲು ಹೋಗಿ ನಾಲ್ಕು ಸಲವೂ ಸಿಕ್ಕಿಬಿದ್ದ. ಬಿಡುಗಡೆಯಾಗಿ ಬಂದು ತೆರಿಗೆ ವಸೂಲಿಯ ಕೆಲಸಕ್ಕೆ ಸೇರಿದರೆ, ಲೆಕ್ಕ ತಾಳೆಯಾಗದೆ 1597ರಲ್ಲಿ ಸೆವಿಯ್ಯದ ಜೈಲು. ಕಾದಂಬರಿಯ ಮೊದಲ ಭಾಗ ಬಂದದ್ದು 1605ರಲ್ಲಿ, ಆಗ ವಯಸ್ಸು ಐವತ್ತೇಳು ದಾಟಿತ್ತು. ಅದು ಗೆದ್ದಿದ್ದೇ ತಡ, 1614ರಲ್ಲಿ ಬೇರೆ ಯಾರೋ ಸುಳ್ಳು ಹೆಸರಿಟ್ಟುಕೊಂಡು ಎರಡನೇ ಭಾಗ ಬರೆದು ಮಾರಿದರು. ಇವನು ಸಿಟ್ಟಾಗಿ ತನ್ನ ಅಸಲಿ ಎರಡನೇ ಭಾಗದಲ್ಲಿ ಆ ನಕಲಿ ಪುಸ್ತಕವನ್ನೇ ಪಾತ್ರಗಳ ಬಾಯಲ್ಲಿ ಗೇಲಿ ಮಾಡಿಸಿದ.

ಧಾರವಾಡದ_ಮಳಿ

ಸೆರ್ವಾಂಟಿಸ್ ಬಗ್ಗೆ ಮೇಷ್ಟ್ರುಗಳಿಗೆ ಗೊತ್ತಿರ್ತದ್ರೀ. ನನ್ನ ಓಟು ಗೋಯಾಗ.

1746ರಾಗ ಫುಯೆಂದೆತೋದೊಸ್ ಅನ್ನೋ ಸಣ್ಣ ಹಳ್ಳ್ಯಾಗ ಹುಟ್ಟಿದಾಂವ, ರಾಜರ ಆಸ್ಥಾನದ ಚಿತ್ರಕಾರ ಆದ. 1792–93ರಾಗ ಜಡ್ಡು ಬಿದ್ದು ಎರಡೂ ಕಿವಿ ಹೋದವು. ಮುಂದ ಎಪ್ಪತ್ತು ದಾಟಿದ ಮ್ಯಾಲೆ ಮ್ಯಾಡ್ರಿಡ್ ಹೊರಗ ಒಂದು ಮನಿ ತಗೊಂಡ. ಆ ಮನಿ ಹೆಸರು 'ಕಿವುಡನ ತೋಟದಮನಿ'. ಎಲ್ಲಾರೂ ತಿಳಕೊಂಡಿರೋದು ಗೋಯಾ ಕಿವುಡ ಅಂತ ಆ ಹೆಸರು ಬಂತು ಅಂತ. ಅಲ್ಲ! ಅದಕ್ಕೂ ಮೊದಲ ಅಲ್ಲಿದ್ದ ಮಾಲಕನೂ ಕಿವುಡ ಇದ್ದ, ಹೆಸರು ಅಂವಂದು. ಆ ಮನಿ ಗ್ವಾಡಿ ಮ್ಯಾಲೆ ನೇರ ಎಣ್ಣಿ ಬಣ್ಣದಾಗ 14 ಕಪ್ಪು ಚಿತ್ರ ಬರದ. ಯಾರೂ ಕೇಳಿದ್ದಲ್ಲ, ಯಾರಿಗೂ ಮಾರಲಿಲ್ಲ, ಹೆಸರು ಸುದ್ಧಾ ಇಡಲಿಲ್ಲ. ಅಂವ ಸತ್ತು ಎಷ್ಟೋ ವರ್ಷಕ್ಕ, 1874ರಿಂದ ಮುಂದ, ಗ್ವಾಡಿಯಿಂದ ಕಿತ್ತು ಕ್ಯಾನ್ವಾಸಿಗೆ ಹತ್ತಿಸಿದ್ರು. ಈಗ ಪ್ರಾದೊ ಮ್ಯೂಸಿಯಮ್‌ನ್ಯಾಗ ಅದಾವ.

ತೋರಿಸಾಕ ಏನು ಅಂತೀರೇನು? ನಾಯಿ ಚಿತ್ರ. ಉದ್ದನ್ನ ಪಟ, ತುಂಬ ಮಣ್ಣಿನ ಬಣ್ಣ, ಏನೂ ಇಲ್ಲ. ಕೆಳಗ ಒಂದು ಇಳಿಜಾರು, ಅದರ ಹಿಂದ ನಾಯಿ ತಲಿ ಅಷ್ಟ ಕಾಣ್ತದ. ಮುಳುಗಾಕ ಹತ್ತೈತೋ, ಇಣುಕಾಕ ಹತ್ತೈತೋ ತಿಳಿಯೂದಿಲ್ಲ. ಅದೊಂದು ಪ್ರಿಂಟ್ ಹಚ್ಚಿ ಐದು ನಿಮಿಷ ಸುಮ್ನ ಕೂಡ್ರಿ, ಭಾಷಣನ ಬ್ಯಾಡ.

ಗಾಜುಪಟ್ಟಿ

ನಾನು ಪೆಥಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಬೆಳಗಾದರೆ ಸಂಜೆವರೆಗೂ ಸ್ಲೈಡ್. ಹಾಗಾಗಿ ನನ್ನ ಆಯ್ಕೆ ಪಕ್ಷಪಾತದ್ದೇ: ಮಿದುಳಿನ ನರಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ವಿಜ್ಞಾನಿ ಸಾಂತಿಯಾಗೊ ರಾಮೋನ್ ಈ ಕಾಹಾಲ್.

ಹುಟ್ಟಿದ್ದು 1852, ಪೆತಿಯ್ಯಾ ದೆ ಅರಗೋನ್ ಎಂಬ ಗುಡ್ಡದ ಹಳ್ಳಿ. ಅಪ್ಪ ಶಸ್ತ್ರವೈದ್ಯ, ಮಗನೂ ವೈದ್ಯನಾಗಬೇಕು ಅಂತ ಹಟ. ಮಗನಿಗೆ ಚಿತ್ರ ಬರೆಯುವ ಹುಚ್ಚು. ಹನ್ನೊಂದನೇ ವಯಸ್ಸಿಗೆ ಮನೆಯಲ್ಲೇ ಫಿರಂಗಿ ತಯಾರಿಸಿ ಪಕ್ಕದ ಮನೆಯ ಹೊಸ ಗೇಟು ಹಾರಿಸಿ ಮೂರು ದಿನ ಲಾಕಪ್ಪಿನಲ್ಲಿದ್ದ. ಅಪ್ಪ ಬುದ್ಧಿ ಕಲಿಯಲಿ ಅಂತ ಕ್ಷೌರಿಕನ ಹತ್ತಿರ, ಆಮೇಲೆ ಚಪ್ಪಲಿ ಹೊಲಿಯುವವರ ಹತ್ತಿರ ಕೆಲಸಕ್ಕೆ ಬಿಟ್ಟ. ಕೊನೆಗೆ ಅಪ್ಪನೇ ಒಂದು ಉಪಾಯ ಮಾಡಿದ. ಹಳೇ ಸ್ಮಶಾನಕ್ಕೆ ಕರೆದೊಯ್ದು ಬಿದ್ದಿದ್ದ ಮೂಳೆಗಳನ್ನು ಆರಿಸಿ ತಂದು, 'ಬರಿ, ಇದನ್ನು ಬರಿ' ಅಂದ. ಚಿತ್ರದ ಹುಚ್ಚೇ ವೈದ್ಯಶಾಸ್ತ್ರಕ್ಕೆ ಬಾಗಿಲಾಯಿತು. ಅಪ್ಪಂದಿರು ಓದಿಕೊಳ್ಳಬೇಕಾದ ಕಥೆ.

ಸೇನೆಯ ವೈದ್ಯನಾಗಿ ಕ್ಯೂಬಾಕ್ಕೆ ಹೋಗಿ ಮಲೇರಿಯಾ ಹಿಡಿಸಿಕೊಂಡು ಬಂದ. ಬಾಕಿ ಸಂಬಳ ಕೈಗೆ ಬಂದಾಗ ಸೂಕ್ಷ್ಮದರ್ಶಕ ಕೊಂಡ. 1887ರಲ್ಲಿ ಮ್ಯಾಡ್ರಿಡ್‌ನಲ್ಲಿ ಲೂಯಿಸ್ ಸಿಮಾರ್ರೊ ಎಂಬ ವೈದ್ಯರು ಇಟಲಿಯ ಗೋಲ್ಜಿ ಕಂಡುಹಿಡಿದಿದ್ದ ಬೆಳ್ಳಿ ಬಣ್ಣದ ಒಂದು ಸ್ಲೈಡ್ ತೋರಿಸಿದರು. ಇಲ್ಲೇ ಕಥೆ ತಿರುಗುವುದು.

ಸ್ವಲ್ಪ ಒಳಗೆ ಹೋಗ್ತೀನಿ, ಬೇಸರ ಆದರೆ ದಾಟಿಕೊಳ್ಳಿ. ಮಿದುಳಿನ ತುಂಡನ್ನು ಸಾಮಾನ್ಯ ಬಣ್ಣದಲ್ಲಿ ಅದ್ದಿದರೆ ಎಲ್ಲ ಕೋಶಗಳೂ ಬಣ್ಣ ಹಿಡಿದು ಉಣ್ಣೆಯ ಉಂಡೆ ಥರ ಕಾಣುತ್ತೆ. ಗೋಲ್ಜಿಯ ವಿಧಾನ ಬೇರೆ. ಮೊದಲು ಪೊಟ್ಯಾಸಿಯಮ್ ಡೈಕ್ರೋಮೇಟ್, ಆಮೇಲೆ ಸಿಲ್ವರ್ ನೈಟ್ರೇಟ್. ನೂರರಲ್ಲಿ ಬೆರಳೆಣಿಕೆಯ ಕೋಶಗಳು ಮಾತ್ರ ಕಪ್ಪಾಗುತ್ತವೆ. ಆದರೆ ಕಪ್ಪಾದದ್ದು ಬೇರಿನಿಂದ ತುದಿವರೆಗೆ ಪೂರ್ತಿ ಕಪ್ಪು, ಹಳದಿ ಹಿನ್ನೆಲೆಯಲ್ಲಿ ಮಸಿಯಿಂದ ಗೆರೆ ಎಳೆದ ಹಾಗೆ. ತೊಂದರೆ ಏನೆಂದರೆ ಅದು ಒಂದು ದಿನ ಬರುತ್ತೆ, ಒಂದು ದಿನ ಕೈಕೊಡುತ್ತೆ. ಕಾಹಾಲ್ ಎರಡು ಕೆಲಸ ಮಾಡಿದ. ಬೆಳ್ಳಿಯ ಸ್ನಾನವನ್ನು ಎರಡೆರಡು ಸಲ ಮಾಡಿಸಿದ. ಜೊತೆಗೆ, ಬೆಳೆದ ಪ್ರಾಣಿಯ ಬದಲು ಮೊಟ್ಟೆಯೊಳಗಿನ ಮರಿಹಕ್ಕಿ, ಎಳೆಯ ಪ್ರಾಣಿಗಳ ಮಿದುಳು ತೆಗೆದುಕೊಂಡ. ದಟ್ಟ ಕಾಡಿನಲ್ಲಿ ದಾರಿ ಹುಡುಕುವುದಕ್ಕಿಂತ ಸಸಿಗಳ ಮಡಿಯಲ್ಲಿ ಒಂದೊಂದನ್ನೇ ನೋಡುವುದು ಸುಲಭ ಅಲ್ಲವೇ ಎಂಬುದು ಅವನ ತರ್ಕ.

ಆಗ ಕಂಡದ್ದು: ನರತಂತುಗಳು ಗೋಲ್ಜಿ ಹೇಳಿದ ಹಾಗೆ ಒಂದಕ್ಕೊಂದು ಬೆಸೆದ ಬಲೆಯಲ್ಲ. ಪ್ರತಿ ಕೋಶವೂ ಬೇರೆ ಬೇರೆ, ಮುಟ್ಟುವಷ್ಟು ಹತ್ತಿರ ಬಂದು ನಿಲ್ಲುತ್ತವೆ. 1888ರಲ್ಲಿ ಇದನ್ನು ಪ್ರಕಟಿಸಲು ತಾನೇ ಒಂದು ಪತ್ರಿಕೆ ಶುರು ಮಾಡಿದ. ಅಚ್ಚಾದದ್ದು 60 ಪ್ರತಿ, ಕೈಯಿಂದಲೇ ಖರ್ಚು, ಅದೂ ಸ್ಪ್ಯಾನಿಷ್‌ನಲ್ಲಿ. ಯಾರು ಓದಬೇಕು? 1889ರಲ್ಲಿ ಬರ್ಲಿನ್ನಿನ ಸಮ್ಮೇಳನಕ್ಕೆ ಸ್ಲೈಡು, ಸೂಕ್ಷ್ಮದರ್ಶಕ ಹೊತ್ತು ಹೋದ. ಅರೆಬರೆ ಫ್ರೆಂಚಿನಲ್ಲಿ ಮಾತಾಡುತ್ತ, ಆ ಕಾಲದ ದೊಡ್ಡ ಅಂಗರಚನಾ ತಜ್ಞ ಕ್ಯೋಲ್ಲಿಕರ್ ಅವರನ್ನು ಹೆಚ್ಚುಕಡಿಮೆ ಕೈಹಿಡಿದೇ ಎಳೆತಂದು 'ನೋಡಿ' ಅಂದ. ಅವರು ನೋಡಿದರು. ನೋಡಿ, ಈತನ ಲೇಖನಗಳನ್ನು ಓದಲೆಂದೇ ಎಪ್ಪತ್ತು ದಾಟಿದ ಮೇಲೆ ಸ್ಪ್ಯಾನಿಷ್ ಕಲಿತರು.

ಈಗಲೂ ಬೆಳ್ಳಿ ಬಣ್ಣ ಸರಿಯಾಗಿ ಹತ್ತಿದ ದಿನ ನಮ್ಮ ಲ್ಯಾಬಿನಲ್ಲಿ ಒಬ್ಬರನ್ನೊಬ್ಬರು ಕರೆದು ತೋರಿಸ್ತೀವಿ.

ಸೂಜಿಗಲ್ಲು

ಗಾಜುಪಟ್ಟಿ, ಚೆನ್ನಾಗಿದೆ. ಆದರೆ 1906ರ ನೊಬೆಲ್ ಇಬ್ಬರಿಗೂ ಹಂಚಿದ್ದರಲ್ಲ? ಗೋಲ್ಜಿ ಇಲ್ಲದಿದ್ದರೆ ಕಾಹಾಲ್ ಎಲ್ಲಿ?

ಇನ್ನೊಂದು, ಪತ್ರಿಕೆಗಳಲ್ಲಿ 'ಕಜಾಲ್' ಅಂತ ಓದಿದ ನೆನಪು. ಯಾವುದು ಸರಿ?

ಗಾಜುಪಟ್ಟಿ

ಗೋಲ್ಜಿ ಇಲ್ಲದಿದ್ದರೆ ಕಾಹಾಲ್ ಇಲ್ಲ, ಒಪ್ಪಿದೆ. ಆದರೆ ಸ್ಟಾಕ್‌ಹೋಮಿನ ವೇದಿಕೆಯ ಮೇಲೆ ಏನಾಯಿತು ಗೊತ್ತಾ? ಗೋಲ್ಜಿ ತನ್ನ ನೊಬೆಲ್ ಭಾಷಣವನ್ನು ಪಕ್ಕದಲ್ಲಿದ್ದವನ ಸಿದ್ಧಾಂತ ತಪ್ಪು ಅಂತ ಹೇಳುವುದಕ್ಕೇ ಬಳಸಿದರು. ಒಂದೇ ಬಣ್ಣ, ಒಂದೇ ಬಗೆಯ ಸ್ಲೈಡು. ಒಬ್ಬರಿಗೆ ಬಲೆ ಕಂಡಿತು, ಇನ್ನೊಬ್ಬರಿಗೆ ಬಿಡಿ ಗಿಡಗಳು. ಕೋಶಗಳ ನಡುವಿನ ಸಂದು ನಿಜವಾಗಿ ಕಣ್ಣಿಗೆ ಬಿದ್ದದ್ದು 1950ರ ದಶಕದಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ. ಕಾಹಾಲ್ 1934ರಲ್ಲೇ ತೀರಿಕೊಂಡಿದ್ದ.

ಉಚ್ಚಾರ ಕಾಹಾಲ್. ಅಲ್ಲಿ ಜೆ ಅಕ್ಷರ ಗಂಟಲಿನಿಂದ ಬರುವ ಹಕಾರ. 'ಪಾಲ್' ಅನ್ನುವುದನ್ನು 'ಹಾಲು' ಮಾಡಿಕೊಂಡ ನಮಗೆ ಇದೇನು ಕಷ್ಟ?

ಹಂಪಿಕಲ್ಲು

ಕರ್ನಾಟಕದ ಕೂಟದಲ್ಲಿ ಸ್ಪೇನಿನ ಬಗ್ಗೆ ಮಾತಾಡುವಾಗ ಫಾದರ್ ಹೆರಾಸ್ ಹೆಸರು ಬಾರದಿದ್ದರೆ ಹೇಗೆ?

ಎನ್ರಿಕೆ ಹೆರಾಸ್, ಬಾರ್ಸಿಲೋನಾದಲ್ಲಿ 1888ರಲ್ಲಿ ಹುಟ್ಟಿದ ಜೆಸ್ವಿಟ್ ಪಾದ್ರಿ. 1922ರಲ್ಲಿ ಮುಂಬೈಗೆ ಬಂದು ಸೇಂಟ್ ಕ್ಸೇವಿಯರ್ಸ್ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರಾದರು. ಯಾವ ಇತಿಹಾಸ ಕಲಿಸ್ತೀರಿ ಅಂತ ಕೇಳಿದಾಗ 'ಭಾರತದ್ದು' ಅಂದರಂತೆ. ಅದರ ಬಗ್ಗೆ ಏನು ಗೊತ್ತು? 'ಏನೂ ಗೊತ್ತಿಲ್ಲ, ಓದಿ ಕಲಿಸ್ತೀನಿ.' ಮುಂಬೈನಲ್ಲಿ ಇದನ್ನು ಇಂದಿಗೂ ಹೇಳುತ್ತಾರೆ. ಹಾಗೆ ಓದಿದ್ದು ಎಲ್ಲಿಗೆ ಹೋಯಿತೆಂದರೆ 1927ರಲ್ಲಿ ವಿಜಯನಗರದ ಅರವೀಡು ವಂಶದ ಮೇಲೆ ದಪ್ಪ ಗ್ರಂಥ, ಎರಡು ವರ್ಷಕ್ಕೆ ವಿಜಯನಗರದ ಹುಟ್ಟಿನ ಮೇಲೆ ಇನ್ನೊಂದು.

ಎರಡನೆಯದು ಈಗ ಓದಿದರೂ ಬಿಸಿ ತಟ್ಟುತ್ತೆ. ಹಕ್ಕ ಬುಕ್ಕರು ತೆಲುಗು ಕಡೆಯಿಂದ ಬಂದವರೋ, ಹೊಯ್ಸಳರ ನೆರಳಲ್ಲಿ ಬೆಳೆದವರೋ ಎಂಬ ಹಳೇ ಜಗಳದಲ್ಲಿ ಹೆರಾಸ್ ನಮ್ಮ ಕಡೆ. ಉತ್ತರದ ದಾಳಿಗೆ ಎದುರಾಗಿ ಹೊಯ್ಸಳ ಮೂರನೇ ಬಲ್ಲಾಳ ಕಟ್ಟಿದ ಗಡಿಕೋಟೆಯೇ ಮುಂದೆ ವಿಜಯನಗರವಾಯಿತು ಎಂದು ವಾದಿಸಿದರು. ಆದರೆ ಅದೇ ಪುಸ್ತಕದಲ್ಲಿ, ವಿದ್ಯಾರಣ್ಯರು ನಗರ ಸ್ಥಾಪಿಸಿದರು ಎಂಬ ಕಥೆ ನಂತರದ ಕಾಲದಲ್ಲಿ ಮಠದ ವಲಯದಲ್ಲಿ ಹೆಣೆದದ್ದು ಅಂತಲೂ ಬರೆದರು. ಅಂದರೆ ಕನ್ನಡಿಗರನ್ನು ಒಂದು ಅಧ್ಯಾಯದಲ್ಲಿ ಖುಷಿಪಡಿಸಿ ಇನ್ನೊಂದರಲ್ಲಿ ಸಿಟ್ಟಿಗೆಬ್ಬಿಸಿದರು. ಇತಿಹಾಸಕಾರ ಅಂದ್ರೆ ಹೀಗಿರಬೇಕು.

ಸೂಜಿಗಲ್ಲು

ಅವರೇ ಅಲ್ಲವೇ ಸಿಂಧೂ ಲಿಪಿಯನ್ನು ಓದಿದೆ ಅಂದವರು? ಅದನ್ನು ಯಾರೂ ಒಪ್ಪಿಲ್ಲ.

ಹಂಪಿಕಲ್ಲು

ಪೂರ್ತಿ ಓದನ್ನು ಒಪ್ಪಿಲ್ಲ, ನಿಜ. ಆದರೆ ಅದರೊಳಗಿನ ಒಂದು ಹೊಳಹು ಉಳಿಯಿತು. ಮುದ್ರೆಗಳ ಮೇಲೆ ಮತ್ತೆ ಮತ್ತೆ ಬರುವ ಮೀನಿನ ಚಿತ್ರ ಬರೀ ಮೀನಲ್ಲ, ದ್ರಾವಿಡ ನುಡಿಯಲ್ಲಿ ಅದೇ ಸದ್ದಿನ ನಕ್ಷತ್ರ ಅಂದರು. ತಮಿಳಿನ ಮೀನ್ ಎರಡೂ ಹೌದು. ನಮ್ಮ 'ಮಿನುಗು' ನೆನೆಸಿಕೊಳ್ಳಿ. ಮುಂದೆ ಫಿನ್ಲೆಂಡಿನ ಆಸ್ಕೊ ಪಾರ್ಪೊಲ ಆ ಎಳೆ ಹಿಡಿದೇ ಹೋದರು. ಲಿಪಿ ಇನ್ನೂ ಬಿಡಿಸಿಲ್ಲ, ಜಗಳವೂ ಮುಗಿದಿಲ್ಲ. 1955ರಲ್ಲಿ ಹೆರಾಸ್ ಮುಂಬೈನಲ್ಲೇ ತೀರಿಕೊಂಡರು. 1981ರಲ್ಲಿ ನಮ್ಮ ಅಂಚೆ ಇಲಾಖೆ ಅವರ ಸ್ಟ್ಯಾಂಪ್ ತಂದಿತ್ತು, ನನ್ನ ಆಲ್ಬಮ್ಮಿನಲ್ಲಿದೆ, ಬೇಕಾದರೆ ಫೋಟೊ ಕಳಿಸ್ತೇನೆ.

ನೇತ್ರಾವತಿ_ದಡ

ಪಾದ್ರಿಗಳ ಮಾತು ಬಂದದ್ದಕ್ಕೆ ಹೇಳ್ತೇನೆ ಮಾರಾಯ್ರೆ, ನಮ್ಮ ಕರಾವಳಿಯ ಚರಿತ್ರೆಗೆ ಹೆಚ್ಚು ತಾಗಿದ ಸ್ಪೇನ್ ಕಡೆಯ ಮನುಷ್ಯ ಫ್ರಾನ್ಸಿಸ್ ಕ್ಸೇವಿಯರ್. 1506ರಲ್ಲಿ ನವಾರ್ರೆಯ ಹವಿಯೆರ್ ಕೋಟೆಯಲ್ಲಿ ಹುಟ್ಟಿ 1542ರಲ್ಲಿ ಗೋವಾಕ್ಕೆ ಬಂದವರು. ನಮ್ಮ ಮನೆಯಲ್ಲಿ ಅವರ ಪಟ ಇದೆ. ಅಜ್ಜಿ ದಿನಾ ಮೇಣದ ಬತ್ತಿ ಹಚ್ಚುತ್ತಿದ್ದರು. ಅದೇ ಸಂತರು 1546ರಲ್ಲಿ ಪೋರ್ಚುಗಲ್ ರಾಜನಿಗೆ ಪತ್ರ ಬರೆದು ಗೋವಾದಲ್ಲಿ ಇನ್‌ಕ್ವಿಸಿಷನ್, ಅಂದರೆ ಧರ್ಮ ತಪ್ಪಿದವರನ್ನು ವಿಚಾರಿಸಿ ಶಿಕ್ಷಿಸುವ ಚರ್ಚಿನ ನ್ಯಾಯಾಲಯ, ಬೇಕು ಅಂತ ಕೇಳಿದ್ದರು. ಅದು ಬಂದದ್ದು 1560ರಲ್ಲಿ, ಅವರು ಸತ್ತ ಎಂಟು ವರ್ಷಕ್ಕೆ. ನಮ್ಮ ಹಿರಿಯರು ಗೋವಾ ಬಿಟ್ಟು ಕೆನರಾಕ್ಕೆ ಬಂದ ಹಲವು ಕಾರಣಗಳಲ್ಲಿ ಅದೂ ಒಂದು. ಕೊಂಕಣಿ ಮಾತಾಡುವ ಹಿಂದೂಗಳೂ ಬಂದರು, ಕ್ರೈಸ್ತರೂ ಬಂದರು. ಒಂದೇ ಗೋಡೆಯಲ್ಲಿ ಪಟ, ಅದೇ ಗೋಡೆಯ ಹಿಂದೆ ಈ ಕಥೆ. ಎರಡನ್ನೂ ಹೇಳುವ ಧೈರ್ಯ ಇದ್ದರೆ ಮಾತ್ರ ಈ ವಿಷಯ ತಗೊಳ್ಳಿ.

ನಿರ್ವಾಹಕ

ಮೇಲಿನ ಬರಹಕ್ಕೆ ಬಂದ ಒಂಬತ್ತು ಉತ್ತರಗಳನ್ನು ತೆಗೆದಿದ್ದೇನೆ. ಒಂದರಲ್ಲೂ ಸ್ಪೇನ್ ಇರಲಿಲ್ಲ. ನೇತ್ರಾವತಿ_ದಡ ಬರೆದದ್ದು ಹಾಗೇ ಇರುತ್ತದೆ. ಎಳೆ ಮುಂದುವರಿಯಲಿ.

ಪಾವಗಡ_ಬಿಸಿಲು

ನಾನೂ ಒಬ್ಬರ ಹೆಸರು ಹೇಳಿ ಹೋಗ್ತೀನಿ. ವಿಸೆಂತೆ ಫೆರರ್. ಇವರೂ ಬಾರ್ಸಿಲೋನಾದವರು, 1920. ಜೆಸ್ವಿಟ್ ಆಗಿ ಬಂದು ಮಹಾರಾಷ್ಟ್ರದ ಮನ್ಮಾಡ್‌ನಲ್ಲಿ ರೈತರ ಜೊತೆ ಬಾವಿ ತೋಡಿಸಿದರು. 1968ರಲ್ಲಿ ದೇಶ ಬಿಡಬೇಕಾಯಿತು. ಮರು ವರ್ಷವೇ ವಾಪಸ್ ಬಂದು ಅನಂತಪುರ ಸೇರಿಕೊಂಡರು, ಪಾದ್ರಿತನ ಬಿಟ್ಟು ಮದುವೆಯಾದರು, 2009ರಲ್ಲಿ ಅಲ್ಲೇ ಮಣ್ಣಾದರು. ನಮ್ಮ ಕಡೆ ಜನಕ್ಕೆ ಬತ್ತಲಪಲ್ಲಿ ಆಸ್ಪತ್ರೆ ಗೊತ್ತು, ಅದನ್ನು ಕಟ್ಟಿದ್ದು ಇವರ ಸಂಸ್ಥೆ. ನಮ್ಮ ಅವ್ವನ ಹೆಗಲು ಮುರಿದಾಗ ನಾವೂ ಅಲ್ಲಿಗೇ ಹೋಗಿದ್ದು. ಹೊರಗೆ ಕೂತವರಲ್ಲಿ ಅರ್ಧ ಜನ ತೆಲುಗು, ಅರ್ಧ ಕನ್ನಡ. ಗೋಡೆ ಮೇಲಿನ ಫೋಟೊ ನೋಡಿ ಅವ್ವ 'ಈ ಅಜ್ಜ ಯಾವೂರವನು' ಅಂದ್ಲು.

ಒತ್ತಕ್ಷರ

ಎರಡು ದಿನದಿಂದ ಓದ್ತಾ ಇದ್ದೀನಿ. ಕವಿ, ಸೈನಿಕ, ಪಾದ್ರಿ, ಚಿತ್ರಕಾರ, ವಿಜ್ಞಾನಿ ಎಲ್ಲ ಬಂದರು. ಒಬ್ಬ ಹೆಂಗಸೂ ಇಲ್ಲ. ನನ್ನ ಆಯ್ಕೆ ಮರಿಯಾ ಮೊಲಿನೇರ್. ಗ್ರಂಥಪಾಲಕಿ. ಒಬ್ಬಳೇ ಕೂತು ಒಂದು ನಿಘಂಟು ಬರೆದವಳು.

1900ರಲ್ಲಿ ಸರಗೋಸಾ ಪ್ರಾಂತ್ಯದ ಪನೀಸಾ ಎಂಬ ಊರಲ್ಲಿ ಹುಟ್ಟು. ಅಪ್ಪ ಹಳ್ಳಿ ಡಾಕ್ಟರು. ಅರ್ಜೆಂಟೀನಾಕ್ಕೆ ಹೋದವರು ಸಂಸಾರವನ್ನು ಕೈಬಿಟ್ಟರು. ಹುಡುಗಿ ಪಾಠ ಹೇಳಿ ಮನೆಗೆ ದುಡ್ಡು ತರುತ್ತಾ ಓದಿದಳು. 1922ರಲ್ಲಿ ಪರೀಕ್ಷೆ ಪಾಸು ಮಾಡಿ ಸರ್ಕಾರಿ ದಾಖಲೆ ಮತ್ತು ಗ್ರಂಥಾಲಯ ಸೇವೆಗೆ ಸೇರಿದಳು. 1931ರಲ್ಲಿ ಗಣರಾಜ್ಯ ಬಂದಾಗ ಹಳ್ಳಿಹಳ್ಳಿಗೆ ನೂರು ಪುಸ್ತಕಗಳ ಪುಟ್ಟ ಗ್ರಂಥಾಲಯ ಕಳಿಸುವ ಯೋಜನೆ ಶುರುವಾಯಿತು, ಅಂಥವು ಐದು ಸಾವಿರಕ್ಕೂ ಹೆಚ್ಚು ಹೋದವು. ವಾಲೆನ್ಸಿಯಾ ಕಡೆಯ ಹಳ್ಳಿ ಗ್ರಂಥಾಲಯಗಳ ಜಾಲ ನೋಡಿಕೊಂಡವಳು ಈಕೆ. ಹಳ್ಳಿಯ ಗ್ರಂಥಪಾಲಕರಿಗೆಂದೇ 1937ರಲ್ಲಿ ಸೂಚನೆಗಳ ಕೈಪಿಡಿ ಬರೆದಳು, ಅದೂ ಅಂತರ್ಯುದ್ಧದ ನಡುವೆ.

ಆ ಯುದ್ಧದಲ್ಲಿ ಸರ್ವಾಧಿಕಾರಿ ಫ್ರಾಂಕೊ ಗೆದ್ದ. ಗಂಡ ಭೌತಶಾಸ್ತ್ರದ ಪ್ರಾಧ್ಯಾಪಕ, ಅವನ ಹುದ್ದೆ ಹೋಯಿತು. ಇವಳನ್ನು ಸೇವಾ ಪಟ್ಟಿಯಲ್ಲಿ 18 ಸ್ಥಾನ ಕೆಳಗೆ ತಳ್ಳಿದರು. ಆಮೇಲೆ ಮ್ಯಾಡ್ರಿಡ್‌ನ ಎಂಜಿನಿಯರಿಂಗ್ ಕಾಲೇಜೊಂದರ ಲೈಬ್ರರಿ. ಹಳ್ಳಿಗಳಿಗೆ ಪುಸ್ತಕ ಕಳಿಸುತ್ತಿದ್ದವಳು ನಾಲ್ಕು ಗೋಡೆಗಳ ನಡುವೆ.

1952ರ ಹೊತ್ತಿಗೆ ಮಗ ಪ್ಯಾರಿಸ್ಸಿನಿಂದ ಒಂದು ಇಂಗ್ಲಿಷ್ ನಿಘಂಟು ತಂದುಕೊಟ್ಟ, ಭಾಷೆ ಕಲಿಯುವವರಿಗಾಗಿ ಮಾಡಿದ್ದು. ಅದನ್ನು ನೋಡಿ, ನಮ್ಮ ಭಾಷೆಗೂ ಇಂಥದ್ದು ಬೇಕು, ಎರಡು ವರ್ಷದಲ್ಲಿ ಮುಗಿಸ್ತೀನಿ ಅಂದಳು. ಹಿಡಿದದ್ದು ಹದಿನೈದು ವರ್ಷ. ಬೆಳಗ್ಗೆ ಬೇಗ ಎದ್ದು, ಕೆಲಸದಿಂದ ಬಂದ ಮೇಲೆ, ಊಟದ ಮೇಜಿನ ಮೇಲೆ ಚೀಟಿಗಳನ್ನು ಹರಡಿಕೊಂಡು. ಪದ ಸಿಕ್ಕಿದ್ದೆಲ್ಲ ಚೀಟಿಗೆ. ಎರಡು ಸಂಪುಟ, ಸುಮಾರು 3,000 ಪುಟ, 1966–67ರಲ್ಲಿ ಅಚ್ಚಾಯಿತು. ನಮ್ಮ ಸಾಹಿತ್ಯ ಪರಿಷತ್ತಿನ ನಿಘಂಟಿಗೆ ಎಷ್ಟು ದೊಡ್ಡ ಪಂಡಿತ ಬಳಗ, ಎಷ್ಟು ದಶಕ ಬೇಕಾಯಿತು ಅಂತ ನೆನೆಸಿಕೊಳ್ಳಿ, ಆಗ ಈ ಊಟದ ಮೇಜಿನ ತೂಕ ಗೊತ್ತಾಗುತ್ತೆ. ಕೊಲಂಬಿಯಾದ ಕಾದಂಬರಿಕಾರ ಗಾರ್ಸಿಯಾ ಮಾರ್ಕೆಸ್ ಅವಳು ಸತ್ತಾಗ ಬರೆದ ಲೇಖನದಲ್ಲಿ ಈ ನಿಘಂಟನ್ನು ಹಾಡಿ ಹೊಗಳಿದ. ಒಂದು ದೂರು ಮಾತ್ರ ಹೇಳಿದ: ಬೈಗುಳಗಳನ್ನು ಬಿಟ್ಟಿದ್ದಾಳೆ!

ನಾನು ಕೆಲಸದ ಮೇಲೆ ಮ್ಯಾಡ್ರಿಡ್‌ನಲ್ಲಿ ಎರಡು ವರ್ಷ ಇದ್ದೆ. ವಾಪಸ್ ಬರುವಾಗ ಹಳೇ ಪುಸ್ತಕದಂಗಡಿಯಲ್ಲಿ ಎರಡೂ ಸಂಪುಟ ಸಿಕ್ಕವು. ಏರ್‌ಪೋರ್ಟಿನಲ್ಲಿ ತೂಕ ಹೆಚ್ಚಾಗಿ, ಎರಡು ಜೊತೆ ಶೂ, ಒಂದು ಕೋಟು ಅಲ್ಲೇ ಬಿಟ್ಟು ಬಂದೆ. ಮನೆಯಲ್ಲಿ ಇನ್ನೂ ಬೈಸಿಕೊಳ್ತಾ ಇದ್ದೀನಿ.

ಸೂಜಿಗಲ್ಲು

ಗೌರವ ಇದೆ. ಆದರೆ ನಿಘಂಟಿನ ಬಗ್ಗೆ ನಲವತ್ತು ನಿಮಿಷ? ಪಿಯುಸಿ ಮಕ್ಕಳ ಮುಂದೆ? ಮಲಗಿಬಿಡ್ತಾರೆ.

ಹೆಂಗಸರೇ ಬೇಕು ಅಂದರೆ ಕ್ಲಾರಾ ಕಾಂಪೊಅಮೋರ್ ಇದ್ದಾಳಲ್ಲ. 1931ರ ಅಕ್ಟೋಬರ್ 1ರಂದು ಸಂಸತ್ತಿನಲ್ಲಿ ಮಹಿಳೆಯರ ಮತದಾನದ ಹಕ್ಕಿಗಾಗಿ ನಿಂತು 161ಕ್ಕೆ 121 ಮತಗಳಿಂದ ಗೆದ್ದವಳು. ಎದುರು ವಾದ ಮಾಡಿದವಳೂ ಹೆಂಗಸೇ, ವಿಕ್ಟೋರಿಯಾ ಕೆಂಟ್. ಹೆಂಗಸರು ಈಗಲೇ ಮತ ಹಾಕಿದರೆ ಪಾದ್ರಿಗಳು ಹೇಳಿದವರಿಗೆ ಹಾಕ್ತಾರೆ ಅನ್ನೋದು ಅವಳ ಭಯ. ಇದು ನಾಟಕ. ನಿಘಂಟಿನಲ್ಲಿ ನಾಟಕ ಎಲ್ಲಿದೆ?

ಒತ್ತಕ್ಷರ

ಇದೆ. ಎರಡು ತರಹದ್ದು.

ಮೊದಲನೆಯದು ಅಕ್ಷರಗಳದ್ದು. ಸ್ಪ್ಯಾನಿಷ್‌ನಲ್ಲಿ ಚ ಸದ್ದಿಗೆ ಎರಡಕ್ಷರ ಸೇರಿಸಿ ಬರೀತಾರೆ, ಯ್ಯ ಸದ್ದಿಗೂ ಹಾಗೇ ಜೋಡಿ ಅಕ್ಷರ. ಭಾಷೆಯ ನಿಯಮ ನೋಡಿಕೊಳ್ಳುವ ಸ್ಪೇನಿನ ಅಕಾಡೆಮಿಯ ನಿಘಂಟಿನಲ್ಲಿ ಆ ಜೋಡಿಗಳಿಗೆ ಬೇರೆಯೇ ಮನೆ ಇತ್ತು. ಮೊಲಿನೇರ್ ಅವನ್ನು ಒಡೆದು ಮೊದಲಕ್ಷರದ ಮನೆಗೇ ಸೇರಿಸಿದಳು. ಅಕಾಡೆಮಿ ಅದೇ ಕ್ರಮಕ್ಕೆ ಬಂದದ್ದು 1994ರಲ್ಲಿ. ನಮ್ಮಲ್ಲಿ ಒಂದನೇ ಕ್ಲಾಸಿನ ಪಟದಲ್ಲಿ ಕ್ಷ, ಜ್ಞ ಕೊನೆಯಲ್ಲಿ ಇರ್ತವೆ, ನಿಘಂಟು ತೆಗೆದರೆ ಕ್ಷ ಕಕಾರದ ಕೆಳಗೆ. ಆ ಗೊಂದಲ ಗೊತ್ತಿರುವ ಯಾವ ಮೇಷ್ಟ್ರೂ ಮಲಗಲ್ಲ.

ಎರಡನೆಯದು ಅಕಾಡೆಮಿಯ ಬಾಗಿಲಿನದು. 1713ರಲ್ಲಿ ಶುರುವಾದ ಸಂಸ್ಥೆ. 1972ರಲ್ಲಿ ಇವಳ ಹೆಸರು ಸೂಚಿಸಿದರು, ಆರಿಸಿದ್ದು ಒಬ್ಬ ಗಂಡಸು ಭಾಷಾಶಾಸ್ತ್ರಜ್ಞನನ್ನು. ಅವನು ಯೋಗ್ಯನೇ, ಅದು ಬೇರೆ ಮಾತು. ಈ ನಿಘಂಟನ್ನು ಗಂಡಸೊಬ್ಬ ಬರೆದಿದ್ದರೆ 'ಇವನು ಇನ್ನೂ ಅಕಾಡೆಮಿಯಲ್ಲಿ ಯಾಕಿಲ್ಲ' ಅಂತ ಜನ ಕೇಳ್ತಿದ್ದರು ಅಂತ ಅವಳೇ ಹೇಳಿದ್ದಳು. 1978ರಲ್ಲಿ ಮೊದಲ ಬಾರಿಗೆ ಒಬ್ಬ ಮಹಿಳೆಯನ್ನು ಪೂರ್ಣ ಸದಸ್ಯೆಯಾಗಿ ಆರಿಸಿದರು, ಕವಯಿತ್ರಿ ಕಾರ್ಮೆನ್ ಕೊಂದೆ. ಆ ಹೊತ್ತಿಗೆ ಮೊಲಿನೇರ್‌ಗೆ ಮಿದುಳಿನ ಕಾಯಿಲೆ. ಪದಗಳನ್ನೇ ಕೂಡಿಟ್ಟವಳ ನೆನಪು ಒಂದೊಂದಾಗಿ ಜಾರಿಹೋಗ್ತಿತ್ತು. 1981ರ ಜನವರಿಯಲ್ಲಿ ತೀರಿಕೊಂಡಳು.

ಗಾಜುಪಟ್ಟಿ

ಈ ಕೊನೆಯ ಸಾಲುಗಳು ನನ್ನ ಲ್ಯಾಬಿನವು. ನನ್ನ ಓಟು ವಾಪಸ್ ತಗೊಳ್ತೀನಿ, ಕಾಹಾಲ್ ಬೇಜಾರು ಮಾಡ್ಕೊಳ್ಳಲ್ಲ.

ಧಾರವಾಡದ_ಮಳಿ

ಒಂದು ಮಾತು ನೋಡಿದ್ರೇನು? ಗೋಯಾನ ಊರು, ಮೊಲಿನೇರ್ ಊರು ಎರಡೂ ಸರಗೋಸಾ ಪ್ರಾಂತ್ಯದ್ದ. ಕಾಹಾಲ್ ಬೆಳೆದದ್ದೂ ಅರಗೋನಿನ್ಯಾಗ. ಕಲ್ಲು, ಗಾಳಿ, ಒಣ ನೆಲದ ಸೀಮಿ ಅದು. ಅಲ್ಲಿಯವರು ಹಟಮಾರಿಗಳು ಅಂತ ಇಡೀ ಸ್ಪೇನ್ ಚಾಷ್ಟಿ ಮಾಡ್ತದ. ನಮ್ಮ ಬಯಲಸೀಮಿ ಮಂದೀನ ಅನ್ನಿಸ್ತದ ನನಗ.

ಇನ್ನ ಒತ್ತಕ್ಷರ ಅವರೇ, ಅಕಾಡೆಮಿ ಕತಿ ಎಲ್ಲಾ ಚಲೋ ಆತು. ಆದ್ರ ಆ ನಿಘಂಟಿನೊಳಗ ಬ್ಯಾರೇದರಾಗ ಇಲ್ಲದ್ದು ಏನೈತಿ? ಅದನ್ನ ಹೇಳ್ರಿ.

ಒತ್ತಕ್ಷರ

ಸರಿಯಾದ ಪ್ರಶ್ನೆ. ಸಾಮಾನ್ಯ ನಿಘಂಟು ಪದ ಗೊತ್ತಿದ್ದವರಿಗೆ ಅರ್ಥ ಕೊಡುತ್ತೆ. ಇವಳದು ಅರ್ಥ ಗೊತ್ತಿದ್ದು ಪದ ನಾಲಿಗೆ ತುದಿಯಲ್ಲಿ ಸಿಕ್ಕಿಹಾಕಿಕೊಂಡವರಿಗೆ. ಮಳೆ ಅಂತ ತೆಗೆದರೆ ಮಳೆಗೆ ಸಂಬಂಧಪಟ್ಟ ಪದಗಳ ಸಂತೆಯೇ ಅಲ್ಲಿರುತ್ತೆ. ಯಾವ ಪದದ ಜೊತೆ ಯಾವ ಕ್ರಿಯಾಪದ ಹೋಗುತ್ತೆ, ಎಲ್ಲಿ ಯಾವುದನ್ನು ಆಡಿದರೆ ಕಿವಿಗೆ ಒರಟು ಅನ್ನಿಸುತ್ತೆ, ಅದೂ ಇರುತ್ತೆ. ಹೆಸರೇ 'ಬಳಕೆಯ ನಿಘಂಟು'. ಅಂದಹಾಗೆ ಸ್ಪ್ಯಾನಿಷ್‌ನಲ್ಲಿ ಒಂದು ಮಳೆಗೆ 'ಕಾಲಾಬೋಬೋಸ್' ಅಂತಾರೆ, ಪೆದ್ದರನ್ನು ತೋಯಿಸುವ ಮಳೆ. ಜಿನುಗುತ್ತಲೇ ಇರುತ್ತೆ, ಕೊಡೆ ಯಾಕೆ ಅಂತ ಹೊರಟವನು ಮನೆಗೆ ಬರುವಾಗ ತೊಪ್ಪೆ.

ಮೂಲೆಕಪಾಟು, ನಿಮಗೆ ತೋರಿಸೋಕೆ ವಸ್ತು ಬೇಕಿತ್ತಲ್ಲ? ಖಾಲಿ ಚೀಟಿ ಹಂಚಿ. ಒಂದೇ ಪದ ಕೊಡಿ. ಉಳಿದದ್ದು ಅವರೇ ಬರೀಲಿ.

ಮೂಲೆಕಪಾಟು

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಸಂಜೆ ಮುಗೀತು, ವರದಿ ಒಪ್ಪಿಸ್ತೀನಿ.

ಮೊಲಿನೇರ್‌ಳನ್ನೇ ಆರಿಸಿದೆ. ಇಪ್ಪತ್ತು ನಿಮಿಷ ನಾನು ಮಾತಾಡಿದೆ. ಊಟದ ಮೇಜಿನ ಕಥೆವರೆಗೆ ಸರಿಯಾಗಿ ಹೋಯಿತು. ಸೇವಾ ಪಟ್ಟಿಯಲ್ಲಿ 18 ಸ್ಥಾನ ಇಳಿಸಿದ್ದು ಅಂದಾಗ ನಿವೃತ್ತ ಹೆಡ್‌ಮಾಸ್ಟರೊಬ್ಬರು ಉಸಿರು ಬಿಟ್ಟದ್ದು ಹಿಂದಿನ ಸಾಲಿಗೂ ಕೇಳಿಸಿತು. ಜ್ಯೇಷ್ಠತಾ ಪಟ್ಟಿ ಅಂದರೆ ಏನು ಅಂತ ನಮ್ಮ ಮೇಷ್ಟ್ರುಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕ್ಷ ಕಾರದ ಮಾತು ಎತ್ತಿದ್ದೇ ತಪ್ಪಾಯಿತು, ಎಂಟು ನಿಮಿಷ ಅವರವರೇ ವಾದ ಮಾಡಿದರು. ಒಬ್ಬರು ಕ್ಷ ಅಕ್ಷರವೇ ಅಲ್ಲ ಅಂದರು, ಇನ್ನೊಬ್ಬರು ಎದ್ದು ಹೋಗ್ತೀನಿ ಅಂದರು, ಹೋಗಲಿಲ್ಲ.

ಆಮೇಲೆ ಚೀಟಿ ಹಂಚಿದೆ, ಪದ 'ಮಳೆ'. ಹೊರಗೆ ಅದೇ ಸುರೀತಾ ಇತ್ತು. ಪಿಯುಸಿ ಮಕ್ಕಳು ತುಂತುರು, ಜಡಿಮಳೆ ಬರೆದು ಸುಸ್ತಾದರು. ಮೇಷ್ಟ್ರುಗಳು ಮುಸಲಧಾರೆ, ಕುಂಭದ್ರೋಣ ಅಂತ ಶುರು ಮಾಡಿ ಗ್ರಂಥಸ್ಥ ದಾರಿ ಹಿಡಿದರು. ಆಸರೆಗೆ ಒಳಗೆ ಬಂದಿದ್ದ ಸೊಪ್ಪು ಮಾರುವ ಹೆಂಗಸೊಬ್ಬಳು ಬಾಗಿಲಲ್ಲೇ ನಿಂತು, ಚೀಟಿ ಬೇಡ, ಹೇಳ್ತೀನಿ ಬರ್ಕೊಳ್ಳಿ ಅಂದಳು. ರೋಹಿಣಿಯಿಂದ ಹಿಡಿದು ಆರಿದ್ರೆ, ಪುಷ್ಯ, ಮಘೆ, ಹುಬ್ಬೆ, ಚಿತ್ತೆ, ಸ್ವಾತಿವರೆಗೆ ಒಂದೊಂದು ಮಳೆ ಏನು ಮಾಡುತ್ತೆ, ಯಾವುದಕ್ಕೆ ಏನು ಬಿತ್ತಬೇಕು, ಯಾವುದು ಬಂದರೆ ಸೊಪ್ಪಿಗೆ ಹುಳ ಅಂತ ನಿಲ್ಲಿಸದೆ ಹೇಳಿದಳು. ಬರೆದುಕೊಂಡ ಹುಡುಗಿಗೆ ಚೀಟಿ ಸಾಲದೆ ನನ್ನ ಭಾಷಣದ ಹಾಳೆಯ ಹಿಂಬದಿ ಕೊಟ್ಟೆ.

ಒಟ್ಟು 61 ಚೀಟಿ. ಶೂ ಡಬ್ಬಿಯಲ್ಲಿ ಹಾಕಿ ಕಪಾಟಿನ ಮೇಲಿಟ್ಟಿದ್ದೀನಿ. ಧಾರವಾಡದ ಮಳಿ, ನಿಮ್ಮ ಕಡೆಯದು ಒಂದೂ ಇಲ್ಲ.

ಧಾರವಾಡದ_ಮಳಿ

ಒಂದೂ ಇಲ್ಲೇನು? ಬರಕೋರಿ ಮತ್ತ. ಹದಮಳಿ: ಬಿತ್ತಾಕ ನೆಲ ಹದ ಆಗೂವಷ್ಟು ಬಿದ್ದು ನಿಲ್ಲೂದು. ಜಿಟಿಜಿಟಿ ಮಳಿ: ಅದ ನಿಮ್ಮ ಕಾಲಾಬೋಬೋಸ್.

ನೇತ್ರಾವತಿ_ದಡ

ನಮ್ಮಲ್ಲಿ ಜೂನಿನಲ್ಲಿ ಬರುವುದಕ್ಕೆ ಬರೀ 'ಮಳೆ' ಅಂತೇವೆ. ಬೇರೆ ಹೆಸರಿಡಲಿಕ್ಕೆ ಅದು ನಿಲ್ಲಬೇಕಲ್ಲ ಮಾರಾಯ್ರೆ.